ನೂರಕ್ಕೆ ತೊಂಬತ್ತೇಳು ದುಡಿಯುವ ಹೆಲ್ಪರ್

ಕಂಪ್ಯೂಟರ್ ರಿಪೇರಿಯವರನ್ನು ತಮ್ಮ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ ಎಂದು ಪರದೆ ಅಂಗಡಿಯ ಯಜಮಾನರು ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಘೋಷಿಸಿದರು.

"ಇಪ್ಪತ್ತೆರಡು ವರ್ಷದಿಂದ ಜನರ ಕೈಲಿ ಕೆಲಸ ತೆಗೆಸಿದ್ದೀನಿ. ಒಂದು ಡಬ್ಬದ ಕೈಲಿ ತೆಗೆಸೋಕಾಗಲ್ವಾ?"

ಆ ಡಬ್ಬವೋ ಮೇಜಿನ ಕೆಳಗೆ ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತಿತ್ತು. ಮೌಸನ್ನು ಸರಿಸಿದರೆ ಬಾಣ ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಹೊರಡುತ್ತಿತ್ತು. ಒಂದು ಪರದೆಯ ಚಿತ್ರ ತೆರೆದರೆ ಮೊದಲು ಸರಳು ಬರುತ್ತಿತ್ತು, ಆಮೇಲೆ ಬಳೆಗಳು, ಆಮೇಲೆ ಒಂದೊಂದೇ ನಿರಿಗೆ. ಕೆಳಗಿನ ಅಂಚು ಕಾಣುವಷ್ಟರಲ್ಲಿ ಗಿರಾಕಿಗೆ ಮನೆಯಲ್ಲಿ ಕಿಟಕಿಯೇ ಬೇಡವೆನಿಸಬೇಕು!

"ರೀ, ನಾಲ್ಕು ಗಂಟೆಗೆ ಹೋಟೆಲಿನ ಮ್ಯಾನೇಜರ್ ಮೇಡಂ ವಿಡಿಯೊ ಕಾಲ್ ಮಾಡ್ತಾರೆ, ನೆನಪಿದೆಯಾ?" ಎಂದಳು ಹೆಂಡತಿ.

ನೆನಪಿರದೆ ಏನು? ಅರವತ್ತು ಕಿಟಕಿಗಳ ಆರ್ಡರು. ಒಂದೊಂದಕ್ಕೂ ಬಣ್ಣ ಕೂಡಿಸಿ, ನಿರಿಗೆ ಎಣಿಸಿ ಅವಳು ಎರಡು ತಿಂಗಳು ಕೂತು ಬಿಡಿಸಿದ್ದಳು. ಅವಳೇ ಹುಡುಕಿ, ಅವಳೇ ಮಾತಾಡಿ ತಂದ ಮೊದಲ ದೊಡ್ಡ ಕೆಲಸ. ಐದು ಗಂಟೆಗೆ ಅದೇ ಮ್ಯಾನೇಜರ್ ಎದುರು ಸಾಲಿನ ಅಂಗಡಿಯವರ ಜೊತೆ ಮಾತಾಡುವವರಿದ್ದರು.

"ಅರ್ಧ ಗಂಟೆ ಕೊಡು ಸಾಕು. ಡಬ್ಬ ಬೆಣ್ಣೆ ಹಾಗೆ ಓಡುತ್ತೆ."

ಹಿಂದಿನ ಕೋಣೆಯಲ್ಲಿ ಪರದೆ ಹೊಲಿಯುತ್ತಿದ್ದ ಯಜಮಾನರ ತಂಗಿ ಮಿಷನ್ ನಿಲ್ಲಿಸಿ ಕೂಗಿದಳು: "ಅತ್ತಿಗೆ, ಹೋದ ಸಲ ಅಣ್ಣ ಹೀಗಂದಾಗ ಮಿಕ್ಸಿ ಹೋಯ್ತು!"

ಯಜಮಾನರು ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಬಟ್ಟೆಯ ಮಾದರಿಗಳನ್ನು ಆರಿಸಲು ಮಾಳಿಗೆಗೆ ಹೋದದ್ದೇ ತಡ, ಕುರ್ಚಿ ಎಳೆದು ಕೂತರು. ಟಾಸ್ಕ್ ಮ್ಯಾನೇಜರ್ ತೆರೆದರು. ಒಳಗೆ ಯಾವ ಯಾವ ಪ್ರೋಗ್ರಾಂ ನೂರಕ್ಕೆ ಎಷ್ಟು ಪಾಲು ಪ್ರೊಸೆಸರ್ ಬಳಸುತ್ತಿದೆ ಎಂದು ಅದು ಉದ್ದಕ್ಕೆ ಪಟ್ಟಿ ಹಾಕಿ ತೋರಿಸಿತು. ಯಜಮಾನರ ಕಣ್ಣರಳಿತು. ಇದು ಹಾಜರಿ ಪುಸ್ತಕವಲ್ಲವೇ! ಬರಿ ಹಾಜರಿಯೂ ಅಲ್ಲ, ಯಾರು ಎಷ್ಟು ದುಡಿಯುತ್ತಾರೆಂಬ ಅಂಕಿ ಸಮೇತ! ಇಂಥದ್ದೊಂದು ಪುಸ್ತಕಕ್ಕಾಗಿ ಅವರು ಇಪ್ಪತ್ತೆರಡು ವರ್ಷ ಹಾತೊರೆದಿದ್ದರು.

ಪಟ್ಟಿಯ ತುಂಬ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. ಮೂವತ್ತಾರು ಜನ ಕೈಕಟ್ಟಿ ಕೂತಿದ್ದರು. ಎಲ್ಲರ ಮೇಲೆ ಒಬ್ಬನೇ ಒಬ್ಬ ಬೆವರು ಸುರಿಸುತ್ತಿದ್ದ. ಹೆಸರು 'ಜಂಬೊಲಿ ಹೆಲ್ಪರ್'. ನೂರಕ್ಕೆ ತೊಂಬತ್ತೊಂದು!

"ಭಲೇ!" ಎಂದರು ಯಜಮಾನರು. "ಮೂವತ್ತಾರು ಸೋಮಾರಿಗಳ ನಡುವೆ ಒಬ್ಬನೇ ಹೆಲ್ಪರ್ ಏದುಸಿರು ಬಿಡ್ತಿದ್ದಾನೆ. ಮಿಷನ್ ಮೊರೆಯದೆ ಇನ್ನೇನು ಮಾಡುತ್ತೆ?"

ವಜಾ ಶುರುವಾಯಿತು. ಧ್ವನಿ ನೋಡಿಕೊಳ್ಳುವವನು ಸೊನ್ನೆ, ನಡಿ ಮನೆಗೆ. ಪ್ರಿಂಟರಿನವನು ಸೊನ್ನೆ, ನೀನೂ ನಡಿ. ವೈರಸ್ ಬರದಂತೆ ಕಾಯುವವನನ್ನು ಹೊರಡು ಎಂದರೆ 'ಅನುಮತಿ ಇಲ್ಲ' ಎಂದು ಯಜಮಾನರಿಗೇ ತಿರುಗಿ ಹೇಳಿದ. "ಸಂಘದ ನಾಯಕ ಇರಬೇಕು" ಎಂದು ಅವನನ್ನು ಬಿಟ್ಟರು. ಇನ್ನೊಬ್ಬನನ್ನು ಕಳಿಸಿದಾಗ ಸ್ಕ್ರೀನಿನ ಮೇಲಿದ್ದ ಚಿತ್ರಗಳೆಲ್ಲ ಅವನ ಹಿಂದೆಯೇ ಎದ್ದು ಹೋದವು. ಹೋಗಲಿ, ಅಂಗಡಿ ಖಾಲಿಯಾದಷ್ಟೂ ಗಾಳಿ ಆಡುತ್ತದೆ. ಕೊನೆಗೆ ಸಿಕ್ಕಿದ್ದು ಹೆಂಡತಿಯ ವಿನ್ಯಾಸದ ಪ್ರೋಗ್ರಾಂ. ಅದೂ ಸೊನ್ನೆ, ಮೇಲಾಗಿ 'ಪ್ರತಿಕ್ರಿಯೆ ಇಲ್ಲ' ಎಂಬ ಟಿಪ್ಪಣಿ. ಯಜಮಾನ ಕೂಗಿದರೂ ಓ ಅನ್ನದ ಕೆಲಸಗಾರ! ಅವನನ್ನೂ ಕಳಿಸಿದರು.

ಇಷ್ಟು ಜನ ಹೊರಟ ಮೇಲೆ ಹೆಲ್ಪರ್ ತೊಂಬತ್ತೇಳಕ್ಕೆ ಏರಿದ್ದ. ಯಜಮಾನರ ಮನಸ್ಸು ಕರಗಿತು. ಇಂಥವನಿಗೆ ಏನಾದರೂ ಕೊಡಬೇಕು. ಹುಡುಕಿದಾಗ 'ಆದ್ಯತೆ' ಎಂಬ ಸಾಲು ಸಿಕ್ಕಿತು. ಅದನ್ನು 'ಸಾಮಾನ್ಯ'ದಿಂದ 'ಹೆಚ್ಚು' ಮಾಡಿದರು. ಬಡ್ತಿ!

ಬಡ್ತಿ ಸಿಕ್ಕ ಕ್ಷಣವೇ ಬಾಣ ನಿಂತಿತು. ಸ್ಕ್ರೀನು ನಿಂತಿತು. ಫ್ಯಾನು ಮಾತ್ರ ವಿಮಾನ ಮೇಲೇಳುವಂತೆ ಅರಚತೊಡಗಿತು.

ಮಾದರಿ ಬಟ್ಟೆಗಳನ್ನು ತೋಳಿನ ತುಂಬ ಹೊತ್ತು ಹೆಂಡತಿ ಇಳಿದು ಬಂದಳು. "ಏನ್ರೀ ಮಾಡಿದ್ರಿ?"

"ಕೆಲಸ ಮಾಡದವರನ್ನ ತೆಗೆದೆ."

"ನನ್ನ ವಿನ್ಯಾಸ ತೆರೆದಿತ್ತಲ್ಲ?"

"ಅದು ಸೊನ್ನೆ ಕಣೆ. ಸುಮ್ಮನೆ ಕೂತಿತ್ತು."

ಬಟ್ಟೆಗಳು ನೆಲಕ್ಕೆ ಬಿದ್ದವು. ಒಳಗೆ ಹೊಲಿಗೆ ಮಿಷನ್ ತಾನಾಗಿ ನಿಂತಿತು. ಹೆಂಡತಿ ಕಂಪ್ಯೂಟರಿನ ಗುಂಡಿ ಒತ್ತಿ ಹಿಡಿದು ಆರಿಸಿದಳು, ಮತ್ತೆ ಹೊತ್ತಿಸಿದಳು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು.

"ಹೋಯ್ತಾ ಎಲ್ಲಾ?" ಎಂದರು ಯಜಮಾನರು, ಸಣ್ಣ ದನಿಯಲ್ಲಿ.

"ಐದು ನಿಮಿಷಕ್ಕೊಂದು ಸಲ ಸೇವ್ ಮಾಡ್ತೀನಿ. ನಿಮ್ಮ ಜೊತೆ ಹದಿನೆಂಟು ವರ್ಷ ಸಂಸಾರ ಮಾಡಿದ್ದೀನಲ್ಲ!"

ಯಂತ್ರ ಎದ್ದಿತು. ಎಲ್ಲರಿಗಿಂತ ಮೊದಲು ಹಾಜರಾದವನು ಜಂಬೊಲಿ ಹೆಲ್ಪರ್. "ನೋಡು, ನೋಡು, ಯಾರೂ ಕರೀದೇನೇ ಬಂದ!" ಎಂದು ಯಜಮಾನರು ಉಬ್ಬಿದರು.

"ಬರಲಿ. ಯಾರ ಮನೆಯವನು ಅಂತ ಕೇಳೋಣ" ಎಂದು ಅವಳು ಅವನ ಹೆಸರಿನ ಮೇಲೆ ಒತ್ತಿ, ಹಿಂದೆಯೇ ಹೋಗಿ, ಅವನ ಮೂಲವನ್ನು ತೆರೆದಳು.

ಸ್ಕ್ರೀನಿನ ತುಂಬ ಬಣ್ಣ ಚೆಲ್ಲಿತು. 'ಸುಸ್ವಾಗತ, ವ್ಯಾಪಾರ ಸಾಮ್ರಾಟರೇ! ನಿಮ್ಮ ಮಹಾಬಜಾರ್ ಆಟಕ್ಕೆ ಹೊಸ ಸರಕು ಬಂದಿದೆ, ಇಳಿಸಿಕೊಳ್ಳುತ್ತಿದ್ದೇವೆ. ಈವರೆಗೆ ಆಡಿದ್ದು: ನಾನೂರ ಹನ್ನೆರಡು ಗಂಟೆ.'

ಜಂಬೊಲಿ ಎಂಬುದು ಆಟಗಳ ಲಾಂಚರ್. ಆಟ ತಂದುಕೊಡುವುದು, ತೆರೆದುಕೊಡುವುದು ಅದರ ಕೆಲಸ. ಆಟ ಮುಚ್ಚಿದ ಮೇಲೂ ಹೊರಡದೆ ಬಾಗಿಲ ಹಿಂದೆ ನಿಂತು ಪ್ರೊಸೆಸರನ್ನು ಮೇಯುವುದು ಅದರ ಸ್ವಭಾವ.

"ಸಾಮ್ರಾಟರೇ," ಎಂದಳು ಹೆಂಡತಿ. "ದಿನಾ ಊಟ ಆದ್ಮೇಲೆ 'ಸ್ಟಾಕ್ ನೋಡ್ತೀನಿ, ಯಾರೂ ಮಾತಾಡಿಸ್ಬೇಡಿ' ಅಂತಿದ್ರಲ್ಲ, ಇದೇನಾ ಸ್ಟಾಕು?"

ತಂಗಿ ಬಾಗಿಲಿಗೆ ಬಂದು ನಿಂತಿದ್ದಳು. "ಅಂಗಡೀಲಿ ಕೂತ್ಕೊಂಡು ಅಂಗಡಿ ಆಟ ಆಡ್ತಿದ್ಯಾ ಅಣ್ಣಾ?"

"ಅಲ್ಲಿ ಗಿರಾಕಿಗಳು ಚೌಕಾಸಿ ಮಾಡಲ್ಲ ಕಣೆ" ಎಂದರು ಯಜಮಾನರು. ಅಷ್ಟು ದುಃಖದ ಮಾತನ್ನು ಅವರು ಆ ಅಂಗಡಿಯಲ್ಲಿ ಹಿಂದೆಂದೂ ಆಡಿರಲಿಲ್ಲ.

ಹೆಂಡತಿ ಲಾಂಚರನ್ನು ಮುಚ್ಚಿದಳು, ಹೆಲ್ಪರನ್ನು ನಿಲ್ಲಿಸಿದಳು, ಯಂತ್ರ ಎದ್ದಾಗ ತಾವಾಗಿ ಬರುವವರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದಳು. ಪ್ರೊಸೆಸರಿನ ಒಟ್ಟು ಬಳಕೆ ತೊಂಬತ್ತೇಳರಿಂದ ನಾಲ್ಕಕ್ಕೆ ಇಳಿಯಿತು. ಎಂಥ ಮೌನ ಕವಿಯಿತೆಂದರೆ, ದೀಪದ ಕೆಳಗೇ ನಿಂತಿದ್ದ ತಂಗಿ, "ಕರೆಂಟ್ ಹೋಯ್ತಾ ಅತ್ತಿಗೆ?" ಎಂದಳು.

ನಾಲ್ಕು ಗಂಟೆಗೆ ಕರೆ ಬಂತು. ಪರದೆಗಳು ಸರಸರ ತೆರೆದುಕೊಂಡವು. ಮ್ಯಾನೇಜರ್ ಎರಡು ಕಡೆ ಬಣ್ಣ ಬದಲಿಸಲು ಹೇಳಿದರು, ಅವಳು ಅಲ್ಲೇ ಬದಲಿಸಿ ತೋರಿಸಿದಳು. "ಇನ್ನೊಬ್ಬರ ಹತ್ತಿರ ಮಾತಾಡೋದೇ ಬೇಡ ಬಿಡಿ" ಎಂದರು ಮ್ಯಾನೇಜರ್. "ಆದ್ರೆ ನಾಳೆ ಬೆಳಿಗ್ಗೆಯೇ ಅಳತೆ ಆಗ್ಬೇಕು. ಅರವತ್ತು ಕಿಟಕಿ, ಎಲ್ಲಾ ಎತ್ತರದವು. ಜನ ಇದ್ದಾರಾ ನಿಮ್ಮಲ್ಲಿ?"

ಯಜಮಾನರು ಎದೆ ಮುಂದೆ ಮಾಡಿ ಕ್ಯಾಮೆರಾದತ್ತ ಬಾಗಿದರು, ಹೆಂಡತಿ ತಮ್ಮನ್ನು ಒಡೆಯರೆಂದು ಪರಿಚಯಿಸಿಯಾಳು ಎಂದು.

"ಜನ ಯಾಕೆ ಮೇಡಂ?" ಎಂದಳು ಹೆಂಡತಿ, ಅವರ ಭುಜ ತಟ್ಟಿ. "ಇವರು ನಮ್ಮ ಹೆಲ್ಪರ್. ನೂರಕ್ಕೆ ತೊಂಬತ್ತೇಳು ಕೆಲಸ ಒಬ್ಬರೇ ಮಾಡ್ತಾರೆ."

ಮರುದಿನ ಹೋಟೆಲಿನ ನಲವತ್ತಮೂರನೆಯ ಕಿಟಕಿಯ ಎದುರು, ಏಣಿಯ ತುದಿಯಲ್ಲಿ, ಬಾಯಲ್ಲಿ ಪೆನ್ಸಿಲು ಕಚ್ಚಿಕೊಂಡು, ಏದುಸಿರು ಬಿಡುತ್ತ ಯಜಮಾನರು ಟೇಪು ಎಳೆಯುತ್ತಿದ್ದರು. ಏಣಿ ಹಿಡಿದಿದ್ದ ತಂಗಿ ಕಿವಿಗೊಟ್ಟು ಕೇಳಿ, ಕೆಳಗಿನಿಂದಲೇ ಕೂಗಿದಳು:

"ಅತ್ತಿಗೆ, ಫ್ಯಾನ್ ಸದ್ದು ಮತ್ತೆ ಶುರುವಾಯ್ತು!"