ಹೊಸತೊಡಕಿನ ಎಂಟುನೂರು ಮೆಸೇಜು

ಈ ಫೋನ್ ಕಂಪನಿಗೆ ನೀರು ಕುಡಿಸದಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿ ಕನಕಪುರ ರಸ್ತೆಯಲ್ಲಿ ಮೆರವಣಿಗೆ ಮಾಡಿ! ಹೀಗೆಂದು ನಾನು ಘೋಷಿಸಿದಾಗ ಸಭೆಯಲ್ಲಿ ಇದ್ದದ್ದು ನನ್ನ ಹೆಂಡತಿ ಸೌಮ್ಯ ಮತ್ತು ಅವಳು ಬಿಡಿಸುತ್ತಿದ್ದ ದಂಟಿನ ಸೊಪ್ಪು ಮಾತ್ರ.

ಕಾರಣ ಸಣ್ಣದಲ್ಲ. ಆ ತಿಂಗಳ ಬಿಲ್ಲಿನಲ್ಲಿ ಮೆಸೇಜಿನ ಚಾರ್ಜು ಎಂಬ ಹೊಸ ಸಾಲೊಂದು ಕಾಲು ಚಾಚಿ ಮಲಗಿತ್ತು. ಎಂಟುನೂರು ಚಿಲ್ಲರೆ ಮೆಸೇಜು! ನಾನೋ, ಜರಗನಹಳ್ಳಿಯಲ್ಲಿ ಮೂರು ಬಾಡಿಗೆ ಮನೆಗಳ ಓನರ್. ಯಾರಿಗೆ ಏನು ಹೇಳಬೇಕಿದ್ದರೂ ಮೂರನೇ ಮಹಡಿಗೆ ಕೇಳುವಂತೆ ಕೂಗಿ ಹೇಳುವವನು. ಬಂದ ಮೆಸೇಜನ್ನೂ ತೆರೆದು ನೋಡುವವನಲ್ಲ. ನನಗೇಕೆ ಮೆಸೇಜು?

"ಕಟ್ಬಿಡ್ರೀ, ಹೋಗ್ಲಿ," ಎಂದಳು ಸೌಮ್ಯ.

"ಕಟ್ಟೋದಾ? ಇವತ್ತು ಬಿಲ್ ಕೇಳ್ತಾರೆ, ನಾಳೆ ಮನೆ ಪತ್ರ ಕೇಳ್ತಾರೆ! ತಾಳು, ಸ್ಪೀಕರ್ ಹಾಕ್ತೀನಿ. ಹೆಂಗೆ ಬೆವರಿಳಿಸ್ತೀನಿ ಅಂತ ನೀನೂ ಕೇಳು."

ನಾನು ಎಡವಿದ್ದು ಇಲ್ಲೇ. ಆ ಸ್ಪೀಕರ್ ಒಂದನ್ನು ಹಾಕದೆ ಇದ್ದಿದ್ದರೆ!

ಒಂದು ಒತ್ತಿ, ನಾಲ್ಕು ಒತ್ತಿ, ಅವರ ಸಂಗೀತ ಕಛೇರಿಯನ್ನೆಲ್ಲ ಕೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನಾನು ಗುಡುಗಿದೆ. ಗ್ರಾಹಕರ ಕೋರ್ಟು, ಪೇಪರಿನವರು, ನಮ್ಮ ಎಮ್ಮೆಲ್ಲೆ, ಎಲ್ಲರನ್ನೂ ಒಂದೇ ಉಸಿರಿನಲ್ಲಿ ಕರೆದು ನಿಲ್ಲಿಸಿದೆ. ಅವಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದಳು.

"ಸಾರ್, ದಿನಕ್ಕೆ ನೂರು ಮೆಸೇಜ್ ಫ್ರೀ. ಮಿಕ್ಕಿದ್ದಕ್ಕೆ ಚಾರ್ಜ್ ಆಗುತ್ತೆ. ಯುಗಾದಿ ಮಾರನೇ ದಿನ ಮಧ್ಯಾಹ್ನ ಒಂದೇ ಸಮ ಕಳಿಸಿದೀರ. ಎಲ್ಲಾನೂ ಒಂದೇ ನಂಬರಿಗೆ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಒಂದೇ ನಂಬರಿಗಾ?" ಎಂದಳು ಸೌಮ್ಯ.

"ಹೌದು ಮೇಡಂ," ಎಂದಿತು ಸ್ಪೀಕರ್. ಇವಳನ್ನು ಕೇಳಿದವರು ಯಾರು!

"ಒಂದೇ ಮಧ್ಯಾಹ್ನ ಎಂಟುನೂರು! ಮದುವೆ ಗೊತ್ತಾದ್ಮೇಲೆ ಆರು ತಿಂಗಳು ಕಾದೆ, ನಂಗೆ ಎರಡು ಸಾಲಿನ ಕಾಗದ ಹಾಕಲಿಲ್ಲ ನೀವು! ಹೇಳಮ್ಮ ಆ ನಂಬರು."

ದೇವರಾಣೆ, ನಾನು ಯಾರಿಗೂ ಕಳಿಸಿರಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಸಾಚಾ ಗಂಡನ ಮುಖವೂ ಕಳ್ಳನ ಮುಖದ ಹಾಗೇ ಕಾಣುತ್ತದೆ. ಹುಡುಗಿ ಒಂದೊಂದೇ ಅಂಕಿ ಹೇಳಿದಳು. ಸೌಮ್ಯ ತನ್ನ ಫೋನಿನಲ್ಲಿ ಒಂದೊಂದೇ ಅಂಕಿ ಕುಟ್ಟಿದಳು. ನನ್ನ ಇಷ್ಟು ವರ್ಷದ ಸಂಸಾರ ಆ ಬೆರಳ ತುದಿಯಲ್ಲಿ ಜೋತಾಡುತ್ತಿತ್ತು. ಕೊನೆಯ ಅಂಕಿ ಒತ್ತಿದವಳು ಹಾಗೇ ಕುಳಿತುಬಿಟ್ಟಳು. ಅವಳ ಫೋನಿನಲ್ಲಿ ಹೆಸರು ತಾನಾಗಿ ಮೂಡಿತ್ತು. ಶಶಿ.

ಶಶಿಧರ್! ಇವಳ ತಮ್ಮ, ನನ್ನ ಭಾಮೈದ, ಸುಬ್ರಹ್ಮಣ್ಯಪುರದವನು! ಅವನ ಮಗಳ ಮದುವೆಯ ಬೀಗರೂಟದಲ್ಲಿ ಗಂಡಿನ ಕಡೆಯವರ ಎಲೆಗೆಲ್ಲ ನಲ್ಲಿ ಮೂಳೆ ಬಿತ್ತು, ಆ ಮನೆಯ ಹಿರಿಯ ಅಳಿಯನಾದ ನನ್ನ ಎಲೆಗೆ ಬರೀ ಸಾರು! ಅಂದೇ ಎಲೆ ಬಿಟ್ಟು ಎದ್ದೆ, ಮಾತೂ ಬಿಟ್ಟೆ, ಫೋನಿನಿಂದ ಅವನ ಹೆಸರನ್ನೂ ಅಳಿಸಿದೆ. ಅಂದಿನಿಂದ ಸೌಮ್ಯ ತವರಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಬಂದವಳು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡೂ ಕಾಣದಂತೆ ನಾನು ಪೇಪರ್ ಓದುತ್ತಿದ್ದೆ.

"ರೀ..." ಅವಳ ಕಣ್ಣು ತುಂಬಿತು. "ಸಾಯೋವರೆಗೂ ಮಾತಾಡಲ್ಲ ಅಂತ ಹಾರಾಡ್ಕೊಂಡು, ನಂಗೆ ಗೊತ್ತಾಗ್ದಂಗೆ ನನ್ ತಮ್ಮನ್ನ ಸಮಾಧಾನ ಮಾಡ್ತಿದ್ರಾ?"

ಇದು ಹೇಗಾಯಿತೋ ನನಗೆ ಗೊತ್ತಿಲ್ಲ. ಆದರೆ ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಯಾವ ಮೂರ್ಖ ಒದೆಯುತ್ತಾನೆ?

"ಏನ್ ಮಾಡೋದು ಸೌಮ್ಯ, ಸಂಬಂಧ ದೊಡ್ಡದು. ದೊಡ್ಡೋರಾದೋರು ನಾವೇ ತಗ್ಗಬೇಕು," ಎಂದೆ.

"ಬೇರೇನಾದ್ರೂ ಹೆಲ್ಪ್ ಬೇಕಾ ಸಾರ್?" ಸ್ಪೀಕರ್ ಕೇಳಿತು.

"ಬೇಡಮ್ಮ. ಬಿಲ್ ಕಟ್ತೀನಿ!"

ಅಂದಿನಿಂದ ಮನೆಯಲ್ಲಿ ನನಗೆ ರಾಜೋಪಚಾರ. ಕೇಳುವ ಮೊದಲೇ ಕಾಫಿ, ಮುದ್ದೆಯ ಮೇಲೆ ಕೈ ಬಿಚ್ಚಿ ತುಪ್ಪ. ಭಾನುವಾರ ಶಶಿಧರ್ ಸ್ಕೂಟರ್ ಏರಿ ಬಂದೇಬಿಟ್ಟ. "ಭಾವಾ!" ಎಂದು ತಬ್ಬಿಕೊಂಡ. ಅಕ್ಕ ಒಳಗೆ ಹೋದದ್ದೇ ತಡ, ನನ್ನ ಕಿವಿಗೆ ಬಗ್ಗಿದ.

"ಭಾವ, ನಿಮಗೂ ಬಿಲ್ ಬಂತಾ?"

"ನಿಂಗೂ ಬಂತೇನೋ?"

ಅವನು ಫೋನ್ ತೆಗೆದು ತೋರಿಸಿದ. ಹೊಸತೊಡಕಿನ ದಿನ, ಅಂದರೆ ಯುಗಾದಿಯ ಮಾರನೇ ದಿನ, ಅವನು ಫೋನಿನಲ್ಲಿದ್ದವರಿಗೆಲ್ಲ ಒಟ್ಟಿಗೆ ಒಂದು ಶುಭಾಶಯ ಒಗೆದು ಮಲಗಿದ್ದಾನೆ. ನನಗೂ ಒಂದು ಬಂದಿದೆ. ಅದಕ್ಕೆ ನನ್ನ ಫೋನು, "ಮೀಟಿಂಗ್‌ನಲ್ಲಿದ್ದೇನೆ. ಆಮೇಲೆ ಮಾತಾಡೋಣ." ಅದಕ್ಕೆ ಅವನ ಫೋನು, "ಸೈಟ್ ಹತ್ತಿರ ಇದ್ದೇನೆ. ಆಮೇಲೆ ಮಾತಾಡೋಣ." ಅದಕ್ಕೆ ಮತ್ತೆ ನನ್ನದು, "ಮೀಟಿಂಗ್‌ನಲ್ಲಿದ್ದೇನೆ..."

ತಲೆಯಲ್ಲಿ ದೀಪ ಹತ್ತಿತು! ಮೋಟಾರ್ ಹಾಕಿ, ನೀರು ಬಿಡಿ ಎಂದು ಬಾಡಿಗೆದಾರರು ಮಧ್ಯಾಹ್ನದ ನಿದ್ದೆ ಕೆಡಿಸುತ್ತಾರೆಂದು, ಬಂದ ಮೆಸೇಜಿಗೆಲ್ಲ ತಾನೇ ಉತ್ತರ ಕೊಡುವ ಆಪ್ ಒಂದನ್ನು ಹಾಕಿಸಿಕೊಂಡಿದ್ದೆ. ಹಾಕಿಕೊಟ್ಟವನು ಮೇಲಿನ ಮನೆಯ ಬಾಡಿಗೆದಾರ ಹನಮಂತನೇ. "ನೀವು ಮಕ್ಕೊಂಡ್ರೂ ಅದು ಜವಾಬ ಕೊಡತೈತಿ ಬಿಡ್ರಿ ಸರ್ರ," ಎಂದಿದ್ದ. ತನಗೂ ಅದೇ ಜವಾಬು ಸಿಗುತ್ತದೆಂದು ಪಾಪ ಅವನಿಗೆ ಹೊಳೆದಿರಲಿಲ್ಲ. ಜಗಳಕ್ಕೆ ಮುಂಚೆ ಭಾಮೈದನ ಫೋನಿಗೂ ಅದನ್ನು ಹಾಕಿಸಿಕೊಟ್ಟ ಮಹಾನುಭಾವ ನಾನೇ! ಹೊಸತೊಡಕಿನ ಬಾಡೂಟ ಬಾರಿಸಿ ನಾನಿಲ್ಲಿ, ಅವನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನಮ್ಮ ಫೋನುಗಳು ಮಾತಾಡೋಣ, ಮಾತಾಡೋಣ ಎಂದು ಸಂಜೆ ನಾವೆದ್ದು ಆಪ್ ಆರಿಸುವವರೆಗೆ ಗೋಗರೆದುಕೊಂಡಿವೆ.

"ಅಕ್ಕನಿಗೆ ಹೇಳ್ಬೇಡಿ ಭಾವ. ನಾನೇ ಸೋತು ಮೆಸೇಜ್ ಹಾಕ್ದೆ ಅಂತ ನಮ್ಮನೇಲೂ ಒಳ್ಳೇವ್ನಾಗಿದೀನಿ."

"ನಾನ್ಯಾಕಪ್ಪ ಹೇಳ್ಲಿ? ಮಲಗಿದ್ದೆ ಅಂತ ಗೊತ್ತಾದ್ರೆ ನನ್ ಮರ್ಯಾದೆ ಏನಾಗ್ಬೇಕು?"

"ಕಾಫಿ," ಎಂದಿತು ಹಿಂದಿನಿಂದ ಒಂದು ದನಿ.

ಸೌಮ್ಯ! ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಬೈಗುಳದ ಮಳೆಗೆ ತಲೆ ತಗ್ಗಿಸಿ ಕುಳಿತೆ. ಅವಳು ಬೈಯಲಿಲ್ಲ. ತಮ್ಮನಿಗೆ ಕಾಫಿ ಕೊಟ್ಟಳು. ಒಳಗೆ ಹೋಗಿ ಚಾಪೆ, ದಿಂಬು ತಂದು ನನ್ನ ಮುಂದೆ ಹಾಸಿದಳು.

"ಮಲಕ್ಕೊಳ್ಳಿ."

"ಈಗ್ಯಾಕೆ?"

"ಎಚ್ಚರ ಇದ್ದಾಗ ನಿಮ್ ಕೈಲಿ ಆಗ್ದೇ ಇದ್ದಿದ್ದು, ಮಲಗಿದ್ದಾಗ ಆಗಿದೆ. ನಮ್ ಚಿನ್ನಪ್ಪ ಚಿಕ್ಕಪ್ಪನ ಹತ್ರಾನೂ ಮಾತು ಬಿಟ್ಟಿದೀರಲ್ಲ, ಅದೂ ಸರಿಹೋಗ್ಲಿ!"