ಭಾವನ ದಾರದ ಕಾಡು

ನಮ್ಮ ಭಾವನನ್ನು ಕಾಡಿಗೆ ಬಿಟ್ಟರೆ ಚಿರತೆಗೂ ಕಾಗದ, ಪೆನ್ಸಿಲು ಕೊಟ್ಟು ಕೂರಿಸಿಯಾರು! ಹೀಗೆಂದರೆ ಅಕ್ಕನಿಗೆ ಸಿಟ್ಟು. ಆದರೆ ಅವರನ್ನು ಒಮ್ಮೆ ಕಂಡವರು ಯಾರಾದರೂ ಇಲ್ಲವೆನ್ನಲಿ ನೋಡೋಣ!

ಭಾವ ಯಲಹಂಕದ ಕಡೆ ಒಂದು ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಪ್ರೊಫೆಸರು. ಅಕ್ಷರ, ಬಣ್ಣ, ಪೋಸ್ಟರು ಅಂತ ಪಾಠ ಮಾಡಿಕೊಂಡು ತೆಪ್ಪಗಿರಬಾರದೆ? ಮನುಷ್ಯರಿಗೂ ಕಾಡಿಗೂ ಇರುವ ನಂಟನ್ನು ಚಿತ್ರದಲ್ಲಿ ಹಿಡಿಯುವ ಹುಚ್ಚು ಹತ್ತಿದೆ. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಕಾಗದ ಬರುತ್ತದೆ. "ನಿಮಗೆ ನೆನಪಿರೋ ಒಂದು ಮರ ಬರೀರಿ."

ಗ್ಯಾಸಿನವನೂ ಪಾಪ, ಒಂದು ತೆಂಗಿನಮರ ಬರೆದ. ಭಾವ ಕುಣಿದಾಡಿಬಿಟ್ಟರು. "ನೋಡಿ, ನೀವು ಮರದ ಬೇರನ್ನೇ ಬರೆದಿಲ್ಲ! ಯಾಕಿರಬಹುದು?"

"ಸಾರ್, ಹೆಗಲು ನೋಯ್ತಾ ಇದೆ, ಸಿಲಿಂಡರ್ ಎಲ್ಲಿಡ್ಲಿ?"

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. "ನಿಮ್ಮ ಭಾವ ಇನ್ಸುಲಿನ್ ಚುಚ್ಕೊಂಡು, ತಿಂಡಿ ತಿನ್ನದೆ ಕಾಡಿಗೆ ಹೋಗಿದ್ದಾರೆ ಕಣೇ. ಫೋನು ಫ್ರಿಜ್ ಮೇಲೇ ಇದೆ!"

ಸಕ್ಕರೆ ಇಳಿದು ಎಲ್ಲಾದರೂ ಬಿದ್ದಿದ್ದರೆ? ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭಾವ ಯಾವಾಗಲೂ ಹೋಗುವ ಜಾರಕಬಂಡೆ ಕಾವಲಿನ ಕಾಡಿಗೆ ಓಡಿದೆ. ಪ್ರತಿ ಪೊದೆಯ ಹಿಂದೆಯೂ ಭಾವನ ಕಾಲು ಕಂಡಂತಾಗುತ್ತಿತ್ತು. ಅಕ್ಕ "ರೀ... ರೀ..." ಎಂದು ಕೂಗಿದಳು. ವಾಕಿಂಗಿಗೆ ಬಂದಿದ್ದ ಗಂಡಸರೆಲ್ಲ ತಿರುಗಿ ನೋಡಿದರು! ತಿರುಗಬೇಕಾದವರೊಬ್ಬರನ್ನು ಬಿಟ್ಟು. ನಗು ಬರಲಿಲ್ಲ, ಅಕ್ಕ ಅಳುತ್ತಿದ್ದಳು.

ಅರ್ಧ ಗಂಟೆ ಹುಡುಕಿದ ಮೇಲೆ ನೀಲಗಿರಿ ಮರಗಳಾಚೆ ಸಿಕ್ಕರು. ಮರಕ್ಕೊರಗಿ ಕೂತಿದ್ದರು. ಅಂಗಿಯೆಲ್ಲ ಬೆವರು. ಪಕ್ಕದಲ್ಲೊಬ್ಬ ಅಜ್ಜಿ ರಾಗಿರೊಟ್ಟಿ ಮುರಿದು ಅವರ ಬಾಯಿಗಿಡುತ್ತಿದ್ದಳು. "ಮೊದ್ಲು ತಿನ್ನಪ್ಪ. ಇಂಗೆ ನಡುಗ್ತಾ ಇದ್ರೆ ಏನ್ ಬರೀತೀಯ?"

"ಜೀವಕ್ಕಿಂತ ಹೆಚ್ಚಾಯ್ತೇನ್ರೀ ನಿಮ್ಮ ಕಾಡು?" ಅಕ್ಕ ಸಿಡಿದಳು.

ಭಾವ ತೊದಲಿದರು. "ಈ ಅಜ್ಜಿ ಚಿಕ್ಕಂದಿನಿಂದ ಇಲ್ಲಿ ಹೊಂಗೆಬೀಜ ಆರಿಸಿದವರು ಕಣೇ. ಈಗ ಕಣ್ಣು ಮಂಜಾಗಿದೆ. ನಾಳೆ ಮಗಳ ಮನೆಗೆ ಹೋಗ್ತಿದ್ದಾರೆ, ಇನ್ನು ಬರೋದಿಲ್ಲ. ಇದನ್ನ ಇವತ್ತೇ ಮುಗಿಸಿ ಅವರ ಕೈಗೆ ಕೊಡ್ಬೇಕಿತ್ತು."

ಅವರ ತೊಡೆಯ ಮೇಲೊಂದು ರಟ್ಟು. ಅದರ ಮೇಲೆ ಅಂಟು ಹಚ್ಚಿ ಕೂರಿಸಿದ ದಾರಗಳು: ಕಾಲುದಾರಿ, ಬಂಡೆ, ಮರಗಳು. ಕಣ್ಣಿಲ್ಲದೆಯೂ ಬೆರಳಿನಲ್ಲಿ ಓದಬಹುದಾದ ಕಾಡು!

ಅಜ್ಜಿ ದಾರದ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇದೇಯ ನಮ್ಮ ಒಂಗೆಮರ. ಸೀರೆ ಜೋಲಿ ಕಟ್ಟಿ ಮಗಳ್ನ ತೂಗ್ತಿದ್ದುದು ಇಲ್ಲೇ ಕಣವ್ವ. ಆಚೆಗೆ ದನ ನೀರು ಕುಡಿಯೋ ಒಂದು ಕುಂಟೆ ಇತ್ತು. ಅದ್ನ ಇನ್ನೂ ಆಕಿಲ್ಲ."

ಭಾವ ದಾರಕ್ಕೆ ಕೈ ಹಾಕಿದರು. ಕೈ ಇನ್ನೂ ನಡುಗುತ್ತಿತ್ತು. ಅಕ್ಕ ಅವರ ಪಕ್ಕ ನೆಲದ ಮೇಲೆ ಕೂತಳು, ದಾರ ಕಿತ್ತುಕೊಂಡು ಅಂಟು ಹಚ್ಚಿದಳು.

"ಅಜ್ಜಿ," ಎಂದಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಕುಂಟೆ ಎಷ್ಟು ದೊಡ್ಡದಿತ್ತು?"