ಕುಂಕುಮ ಹಚ್ಚಿಸಿಕೊಂಡ ಹಳದಿ ದೀಪ

ಹಿರಿಯೂರಿನಲ್ಲಿ ಗ್ಯಾರೇಜ್ ಇಟ್ಟ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಕಾರು ರಿಪೇರಿ ಮಾಡಬಹುದು, ಮನೆಯವರ ನಂಬಿಕೆ ರಿಪೇರಿ ಮಾಡುವುದು ಕಷ್ಟ. ಒಂದೇ ಮನೆಯ ಕಾರು ಸಾಕಾಯಿತು ಇದನ್ನು ಕಲಿಯಲು.

೧. ಕುಂಕುಮ

ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಯಜಮಾನರೊಬ್ಬರು ಕಾರು ತಂದರು. ಸ್ಟೀರಿಂಗ್ ಮುಂದೆ ಇಂಜಿನ್ನಿನ ಹಳದಿ ದೀಪ ಉರಿಯುತ್ತಿತ್ತು. ಹೊಗೆಯಲ್ಲೋ ಪೆಟ್ರೋಲ್ ಆವಿಯಲ್ಲೋ ದೋಷವಿದ್ದರೆ ಹತ್ತುವ ದೀಪ ಅದು. ಅದರ ಗಾಜಿನ ಮೇಲೆ ಕುಂಕುಮವಿತ್ತು. ಎರಡು ತಿಂಗಳಿಂದ ಉರಿಯುತ್ತಿದೆಯಂತೆ. ಯಾಕೆ ತರಲಿಲ್ಲ ಎಂದೆ.

"ನಮ್ಮವ್ವ ಬಿಡ್ಲಿಲ್ರಿ. ತಾನಾಗೇ ಹತ್ತಿದ ದೀಪ, ಮೊಮ್ಮಗಳ ಲಗ್ನ ಗೊತ್ತಾಗೋಗಂಟ ಮುಟ್ಟಬ್ಯಾಡ ಅಂತಾಳೆ."

ಭಾನುವಾರ ಹೊಳಲ್ಕೆರೆಗೆ ಹೋಗಿ ಗಂಡಿನ ಮನೆ ನೋಡಿ ಮಾತು ಮುಗಿಸುವುದಿತ್ತು. ಹುಡುಗಿ ಒಪ್ಪಿದ ಮೊದಲ ಸಂಬಂಧ. ದಾರಿಯಲ್ಲಿ ಕಾರು ನಿಂತರೆ ಮರ್ಯಾದೆ ಹೋದೀತೆಂದು ಅವ್ವನಿಗೆ ಹೇಳದೆ ತಂದಿದ್ದರು.

೨. ಕಂಬಳಿ

ಪೆಟ್ರೋಲ್ ಆವಿ ಸೋರುತ್ತಿದೆ ಎಂದಿತು ಕಾರಿಗೆ ಸಿಕ್ಕಿಸಿದ ಸ್ಕ್ಯಾನರ್. ಅರ್ಧ ದಿನ ಒಂದೊಂದೇ ಪೈಪು ಬಿಚ್ಚಿ ನೋಡಿದೆ. ಕೊನೆಗೆ ಟ್ಯಾಂಕಿನ ಬಾಯಿ ನೋಡಿದರೆ ಮುಚ್ಚಳವೇ ಇಲ್ಲ, ಕಂಬಳಿ ತುಂಡು ತುರುಕಿದ್ದರು. ಎರಡು ತಿಂಗಳ ಹಿಂದೆ ಮಾರಿಕಣಿವೆ ಡ್ಯಾಮಿಗೆ ಹೋದಾಗ ಮುಚ್ಚಳವನ್ನು ಬಂಕಿನಲ್ಲೇ ಬಿಟ್ಟು ಬಂದಿದ್ದರಂತೆ.

"ಕಂಬಳಿ ಮಳೆನೇ ಒಳಕ್ಕೆ ಬಿಡಲ್ರಿ, ಪೆಟ್ರೋಲ್ ಹೊರಕ್ಕೆ ಬಿಡ್ತೈತಾ?" ಎಂದರು ಯಜಮಾನರು.

ಮೊದಲು ಮುಚ್ಚಳ ನೋಡಬೇಕಾದವನು ನಾನು. ನಾಚಿಕೆಯಾಯಿತು. ಹೊಸದು ಹಾಕಿದೆ. ದೀಪವನ್ನು ಸ್ಕ್ಯಾನರಿನಿಂದಲೇ ಆರಿಸಬಹುದಿತ್ತು, ಆರಿಸಲಿಲ್ಲ. ಕೆಲಸ ಸರಿಯಾಗಿದ್ದರೆ ನಾಲ್ಕು ದಿನ ಓಡಿದ ಮೇಲೆ ತಾನೇ ಆರುತ್ತದೆ ಎಂದೆ. ಅದು ನನ್ನ ಜಂಬ.

೩. ಜ್ವರ

ಭಾನುವಾರ ಬೆಳಿಗ್ಗೆ ಯಜಮಾನರ ಫೋನ್. ಚಿತ್ರದುರ್ಗದಲ್ಲಿ ಚಹಾ ಕುಡಿದು ಕಾರು ಚಾಲೂ ಮಾಡಿದರೆ ದೀಪ ಉರಿಯುತ್ತಿಲ್ಲ. ಶುಭಕಾರ್ಯಕ್ಕೆ ಹೊರಟಾಗ ದೀಪ ಆರಿದೆ, ಮನೆಗೆ ತಿರುಗಿಸು ಎಂದು ಅವ್ವ ಹಟ ಹಿಡಿದಿದ್ದಾರೆ. ಗಂಡಿನ ಕಡೆಯವರು ಕಾಯುತ್ತಿದ್ದಾರೆ. "ಮತ್ತೆ ಹಚ್ಚೋದು ಹೆಂಗೆ ಹೇಳ್ರಿ" ಎಂದರು.

ನನ್ನ ಜಂಬಕ್ಕೆ ಒಂದು ಹುಡುಗಿಯ ಸಂಬಂಧ ತಪ್ಪುವುದರಲ್ಲಿತ್ತು. ಫೋನು ಅವ್ವನಿಗೆ ಕೊಡಿ ಎಂದೆ.

"ಅವ್ವಾ, ಅದು ದೀಪ ಅಲ್ರಿ, ಕಾರಿನ ಜ್ವರ. ಈಗ ಬಿಟ್ಟೈತೆ. ಜ್ವರ ಬಿಟ್ಟ ಕುರಿನ ಯಾರಾದ್ರೂ ಹಟ್ಟಿಗೆ ವಾಪಸ್ ಹೊಡೀತಾರಾ?"

"ಎರಡು ತಿಂಗ್ಳು ಜ್ವರಕ್ಕೆ ಕುಂಕುಮ ಇಟ್ಟೆನಲ್ಲಪ್ಪ" ಎಂದರು ಅವ್ವ. ಕಾರು ಹೊಳಲ್ಕೆರೆ ಕಡೆಗೇ ಹೊರಟಿತು.

೪. ಚೀಟಿ

ಮರುದಿನ ಗ್ಯಾರೇಜಿಗೆ ಹೊಳಲ್ಕೆರೆಯಿಂದ ಒಂದು ಕಾರು ಬಂತು. ಇಳಿದವನು ಆ ಗಂಡೇ. ನಿನ್ನೆ ಬೀಗರನ್ನು ತನ್ನ ಕಾರಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ದಿದ್ದನಂತೆ. ಮುಂದೆ ಕುಳಿತ ಹುಡುಗಿಯ ಅಜ್ಜಿ ಅಲ್ಲೂ ಅದೇ ಹಳದಿ ದೀಪ ನೋಡಿದ್ದಾರೆ.

"ಹುಡುಗಿ ಒಪ್ಪಿದಾಳೆ, ಅವರಪ್ಪನೂ ಒಪ್ಪಿದಾರೆ" ಎಂದ, ಮುಖ ಸಣ್ಣದು ಮಾಡಿಕೊಂಡು. "ಅಜ್ಜಿ ಮಾತ್ರ, ಕಾರಿಗೆ ಜ್ವರ ಬಂದಿದ್ದನ್ನೇ ನೋಡದವನು ನಮ್ಮ ಹುಡುಗಿಗೆ ಜ್ವರ ಬಂದ್ರೆ ನೋಡ್ತಾನಾ ಅಂತಾರೆ. ನಿಮ್ಮ ಕೈಲಿ ಚೀಟಿ ಬರೆಸ್ಕೊಂಡು ಬರಬೇಕಂತೆ."

ಈ ಸಲ ಮೊದಲು ಮುಚ್ಚಳ ನೋಡಿದೆ. ಸಡಿಲವಾಗಿತ್ತು. ಬಿಗಿ ಮಾಡಿ, ಜಂಬ ಬಿಟ್ಟು, ದೀಪವನ್ನು ಸ್ಕ್ಯಾನರಿನಿಂದಲೇ ಆರಿಸಿದೆ. ಆಮೇಲೆ ಚೀಟಿ ಬರೆದು ಗ್ಯಾರೇಜಿನ ಮುದ್ರೆ ಒತ್ತಿದೆ: "ಕಾರಿಗೆ ಜ್ವರ ಬಿಟ್ಟಿದೆ. ಹುಡುಗ ತಾನೇ ಕರೆತಂದು ತೋರಿಸಿದ್ದಾನೆ. ಹೆಣ್ಣು ಕೊಡಬಹುದು."